ಗಡಿಯ ಬದುಕನ್ನು ಅರಿಯುವವರಾರು?

ರಷ್ಯಾ 2022ರ ಫೆಬ್ರುವರಿ 24ರಂದು ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿತು. ಮಾರ್ಚ್ 1ರಂದು ಹಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಲಿಯಾದಾಗ ಆ ದೂರದ ಯುದ್ಧ ನಮ್ಮ ಅಂಗಳಕ್ಕೇ ಬಂದಂತಾಯಿತು. ಆದರೆ ಅಲ್ಲಿಯ ಇನ್ನೊಂದು ಸಂಗತಿ ನಮ್ಮಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಲ್ವಿವ್‌ನ ನಗರ ಇತಿಹಾಸ ಕೇಂದ್ರವು ಪೋಲೆಂಡ್, ಲಕ್ಸೆಂಬರ್ಗ್ ಮತ್ತು ಸ್ಕಾಟ್ಲೆಂಡಿನ ವಿದ್ವಾಂಸರೊಡನೆ ಸೇರಿ, ಮನೆಮಠ ತೊರೆದವರ ಅನುಭವಗಳನ್ನು ಅದೇ ವರ್ಷ ದಾಖಲಿಸತೊಡಗಿತು. 2023ರ ಜೂನ್ 6ರಂದು ಕಖೋವ್ಕಾ ಅಣೆಕಟ್ಟು ಒಡೆದ ಬಳಿಕ, ಬರಿದಾದ ಜಲಾಶಯದ ತಳವನ್ನು ಪರಿಸರ ವಿಜ್ಞಾನಿಗಳಷ್ಟೇ ಅಲ್ಲದೆ ಪುರಾತತ್ವಜ್ಞರೂ ಪರಿಶೀಲಿಸಿದರು. ಬಿಕ್ಕಟ್ಟು ಮುಗಿಯಲಿ, ಆಮೇಲೆ ಸಮಾಜವನ್ನು ಅರಿಯೋಣ ಎಂದು ಅವರು ಕಾಯಲಿಲ್ಲ.

ಯುದ್ಧಕ್ಕೂ ನಮ್ಮ ಗಡಿ ತಂಟೆಗೂ ಹೋಲಿಕೆ ಸಲ್ಲದು. ಆದರೆ ಆ ವಿದ್ವಾಂಸರ ಕಾರ್ಯವಿಧಾನ ನಮಗೂ ಪಾಠವಾಗಬಲ್ಲದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಜನ 1956ರಿಂದ ವಿವಾದದ ನೆರಳಿನಲ್ಲಿಯೇ ಬಾಳುತ್ತಿದ್ದಾರೆ. 1966ರಲ್ಲಿ ರಚನೆಯಾದ ಮಹಾಜನ ಆಯೋಗವು ಮರುವರ್ಷ ವರದಿ ನೀಡಿ, 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ 247 ಗ್ರಾಮಗಳನ್ನು ಅಂದಿನ ಮೈಸೂರಿಗೂ ಸೂಚಿಸಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಈ ಎಲ್ಲ ಕಡತಗಳ ಪ್ರಶ್ನೆ ಒಂದೇ: ನೆಲ ಯಾರದು? ಆ ನೆಲದ ಮೇಲಿನ ಬದುಕು ಹೇಗಿದೆ ಎಂಬ ಪ್ರಶ್ನೆಯನ್ನು ಕೇಳಬೇಕಾದವು ವಿಶ್ವವಿದ್ಯಾಲಯಗಳು.

ಆ ಬದುಕು ನಕ್ಷೆಯ ಗೆರೆಗೆ ಸಿಗುವಂಥದ್ದಲ್ಲ. ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಪ್ರಾಕೃತ ಪಾಂಡಿತ್ಯಕ್ಕೆ ಹೆಸರಾದ ಅವರೇ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ನಿಪ್ಪಾಣಿಯ ವಿದ್ಯಾರ್ಥಿಗಳು ಓದುವ ದೇವಚಂದ ಕಾಲೇಜು ಊರಿಗೆ ಅಂಟಿಕೊಂಡೇ ಇದ್ದರೂ ಮಹಾರಾಷ್ಟ್ರದ ಕಾಗಲ್ ತಾಲ್ಲೂಕಿನ ಅರ್ಜುನನಗರದಲ್ಲಿದೆ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದ ಭಕ್ತರು ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಥಣಿಯ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿಗೆ ಜಗತ್ತು ಕೊಲ್ಹಾಪುರದ ಹೆಸರಿಟ್ಟಿದೆ. 2019ರಲ್ಲಿ ಆ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಿಕೆಯು ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಚರ್ಮದ ಕಸುಬಿನಲ್ಲಿ ಸಾಧ್ಯವಾದ ಸಹಕಾರ ವಿದ್ಯೆಯಲ್ಲಿ ಏಕೆ ಅಸಾಧ್ಯ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಎಣಿಕೆಗೆ ಸಿಗದ ನಷ್ಟ. 2022ರ ಡಿಸೆಂಬರ್ ಮತ್ತು 2025ರ ಫೆಬ್ರುವರಿಯಲ್ಲಿ ಉದ್ವಿಗ್ನತೆಯಿಂದ ಅಂತರರಾಜ್ಯ ಬಸ್ ಸಂಚಾರಕ್ಕೆ ತಡೆಯಾಯಿತು. ಅಂಥ ದಿನಗಳಲ್ಲಿ ಕೂಲಿ ಕಳೆದುಕೊಂಡ ಕಾರ್ಮಿಕ, ಮೀರಜ್ ಆಸ್ಪತ್ರೆ ತಲುಪಲಾಗದ ಕಾಗವಾಡದ ರೋಗಿ ಯಾವ ಲೆಕ್ಕದಲ್ಲಿ ಬರುತ್ತಾರೆ? 2005ರ ಕೃಷ್ಣಾ ಪ್ರವಾಹದ ಪರಿಹಾರ ಕಾರ್ಯದಲ್ಲಿ ನಾನೂ ತೊಡಗಿದ್ದೆ. ನಮ್ಮ ನಮೂನೆಗಳಲ್ಲಿ ಬಿದ್ದ ಮನೆ, ಸತ್ತ ಜಾನುವಾರು, ಕೊಳೆತ ಬೆಳೆಗಳಿಗೆ ಕಲಂಗಳಿದ್ದವು. ರಾಜ್ಯದಾಚೆಯ ಬೀಗರ ಮನೆಯಲ್ಲಿ ಆಶ್ರಯ ಪಡೆದ ಕುಟುಂಬಕ್ಕೆ ಕಲಂ ಇರಲಿಲ್ಲ. 2019 ಮತ್ತು 2021ರಲ್ಲಿ ಮತ್ತೆ ನೆರೆ ಬಂತು. ಸಾಂಗ್ಲಿಯವರು ಆಲಮಟ್ಟಿಯನ್ನು ದೂರಿದರು, ನಮ್ಮವರು ಕೊಯ್ನಾದ ಕಡೆ ಬೆರಳು ತೋರಿದರು. ನದಿ ಮಾತ್ರ ಎರಡೂ ಕಡೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು.

ಬಿಡಿ ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ನಿಪ್ಪಾಣಿಯ ತಂಬಾಕು ಕಾರ್ಮಿಕ ಮಹಿಳೆಯರ ಸಂಘಟನೆಯ ಬಗ್ಗೆ ಛಾಯಾ ದಾತಾರ್ 1989ರಲ್ಲಿಯೇ ಗ್ರಂಥ ರಚಿಸಿದರು. ಈಗ ಬೇಕಾಗಿರುವುದು ಭಾಷಾತಜ್ಞ, ಅರ್ಥಶಾಸ್ತ್ರಜ್ಞ, ಜಲತಜ್ಞ, ಇತಿಹಾಸಕಾರರು ಒಟ್ಟಿಗೆ ಊರೂರಿನಲ್ಲಿ ನಿಂತು ಮಾಡುವ ದೀರ್ಘಾವಧಿ ಅಧ್ಯಯನ. 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು 1962ರಿಂದ ಇರುವ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ಒಂದೇ ಹೆದ್ದಾರಿಯಿಂದ ಜೋಡಿಸಲ್ಪಟ್ಟಿವೆ. ನಿಪ್ಪಾಣಿ ನಡುವೆ ಇದೆ. ಐದು ತಾಲ್ಲೂಕುಗಳಿಗೆ ಜಂಟಿ ಕ್ಷೇತ್ರ ಕೇಂದ್ರವೊಂದು ಅಲ್ಲಿಯೇ ಆರಂಭವಾಗಲಿ. ದಾಖಲೆಗಳು ಕನ್ನಡ, ಮರಾಠಿ ಎರಡರಲ್ಲೂ ಇದ್ದು ಜನರಿಗೆ ಮುಕ್ತವಾಗಿರಲಿ.

ಇಂಥ ಅಧ್ಯಯನ ಎದುರಾಳಿಗೆ ಅಸ್ತ್ರವಾದೀತು ಎಂಬ ಆಕ್ಷೇಪ ಎರಡೂ ಕಡೆ ಏಳುವುದು ಸಹಜ. ಅದನ್ನು ಲಘುವಾಗಿ ಕಾಣಲಾಗದು. ಆದ್ದರಿಂದಲೇ ಯೋಜನೆಯು ನ್ಯಾಯಾಲಯದ ಮುಂದಿರುವ ಪ್ರಶ್ನೆಯನ್ನು ಮುಟ್ಟಕೂಡದು. ನಿರ್ವಹಣೆ ಸರ್ಕಾರಗಳ ಕೈಯಲ್ಲಿರದೆ ವಿದ್ವಾಂಸರ ಕೈಯಲ್ಲಿರಬೇಕು. ಏಕೀಕರಣದ ದಿನಗಳನ್ನು ಕಣ್ಣಾರೆ ಕಂಡು, ಎರಡೂ ಭಾಷೆಗಳಲ್ಲಿ ನೆನೆಯಬಲ್ಲ ಹಿರಿಯರು ಈಗ ಎಂಬತ್ತು ದಾಟಿದ್ದಾರೆ. ತೀರ್ಪು ಎಂದು ಬಂದರೂ ಕಾಗದದಲ್ಲಿ ಉಳಿಯುತ್ತದೆ. ಅವರ ನೆನಪು ಹಾಗಲ್ಲ. ಈಗ ಬರೆದಿಟ್ಟುಕೊಳ್ಳದಿದ್ದರೆ ಅದು ಅವರೊಂದಿಗೇ ಹೋಗುತ್ತದೆ.