ಉದ್ದೇಶ ಸಿಗದ ಹತ್ಯಾಕಾಂಡ

2017ರ ಅಕ್ಟೋಬರ್ 1ರ ರಾತ್ರಿ ಲಾಸ್ ವೇಗಸ್‌ನ ಹೋಟೆಲೊಂದರ 32ನೇ ಮಹಡಿಯಿಂದ ಒಬ್ಬಾತ, ಕೆಳಗೆ ಸಂಗೀತ ಕೇಳುತ್ತಿದ್ದವರ ಮೇಲೆ ಸುಮಾರು ಹತ್ತು ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಗುಂಡು ಹಾರಿಸಿದ. 58 ಮಂದಿ ಸತ್ತರು; ಗಾಯಗಳಿಂದ ಮುಂದೆ ಇನ್ನಿಬ್ಬರು. ಮರುದಿನವೇ ಐಎಸ್ ಉಗ್ರ ಸಂಘಟನೆ ಇದು ತನ್ನ ಕೃತ್ಯವೆಂದಿತು, ಪುರಾವೆ ಸಿಗಲಿಲ್ಲ. ಸ್ಪಷ್ಟವಾದ ಒಂದೇ ಉದ್ದೇಶ ಕಾಣುತ್ತಿಲ್ಲ ಎಂದು ಎಫ್‌ಬಿಐ 2019ರಲ್ಲಿ ಹೇಳಿತು. ಇಂಥಲ್ಲಿ ಧರ್ಮ, ಮನೋರೋಗ, ಸಿನಿಮಾ ಎಂದು ಯಾವುದಾದರೊಂದರ ತಲೆಗೆ ಕಟ್ಟಿದರೆ ನಮ್ಮ ದಿಗಿಲು ತಗ್ಗೀತು, ತಿಳಿವಳಿಕೆ ಹೆಚ್ಚದು.

ಏಕೆ ಎಂಬುದು ಕತ್ತಲಾದರೂ ಹೇಗೆ ಎಂಬುದಕ್ಕೆ ಉತ್ತರವಿದೆ. ಹಲವು ದಿನಗಳಲ್ಲಿ ಬಂದೂಕು, ಗುಂಡು ತುಂಬಿದ ಇಪ್ಪತ್ತಕ್ಕೂ ಹೆಚ್ಚು ಸೂಟ್‌ಕೇಸ್‌ಗಳು ಅವನ ಕೋಣೆ ಸೇರಿದ್ದವು. ಬಂದೂಕಿನ ಒದೆತವನ್ನೇ ಬಳಸಿ ಗುಂಡಿನ ಮಳೆಗರೆಸುವ ಬಂಪ್ ಸ್ಟಾಕ್ ಎಂಬ ಸಾಧನ ಆಗ ಕಾನೂನುಬದ್ಧವಾಗಿಯೇ ಮಾರಾಟವಾಗುತ್ತಿತ್ತು. ಹೀಗೆ ಸಲಕರಣೆಯತ್ತ ಬೆರಳು ತೋರಿದರೆ ಕೊಲೆಗಾರನಿಗೆ ರಿಯಾಯಿತಿ ಕೊಟ್ಟಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಇಲ್ಲ, ಅಪರಾಧ ಪೂರ್ತಿ ಅವನದೇ. ಆದರೆ ಪೊಲೀಸರು ಕೋಣೆಗೆ ನುಗ್ಗುವ ಮೊದಲೇ ಅವನು ಗುಂಡು ಹಾರಿಸಿಕೊಂಡು ಸತ್ತಿದ್ದ, ಅವನ ಮನಸ್ಸನ್ನು ಯಾರೂ ತಿದ್ದಲಾರರು. ತಿದ್ದಬಹುದಾದದ್ದು ಮುಂದಿನವನ ಕೈಗೆ ಸಿಗುವ ಸಲಕರಣೆಯನ್ನು. ಆದರೆ ಆ ದುರಂತದ ನಂತರ ಬಂಪ್ ಸ್ಟಾಕ್ ಮೇಲೆ ಸರ್ಕಾರ ಹೇರಿದ್ದ ನಿಷೇಧವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ ರದ್ದುಪಡಿಸಿತು.