ದೀಪ ಎಲ್ಲರದು, ಲಾಭ ಯಾರದು?

ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಬಂಟ್ವಾಳಕ್ಕೆ ಹೋಗುವ ಬಸ್ಸಿನಲ್ಲಿ ಮೊನ್ನೆ ನನ್ನ ಮುಂದಿನ ಆಸನದ ಮೂವರು ಒಂದು ಎಲ್‌ಇಡಿ ದೀಪದ ಕಂಪನಿಯ ಷೇರಿನ ವಿಷಯ ಮಾತಾಡುತ್ತಿದ್ದರು. ಒಬ್ಬರು ನಿವೃತ್ತ ಉಪಾಧ್ಯಾಯರು, ಒಬ್ಬರು ಅಡಿಕೆ ತೋಟದವರು, ಮೂರನೆಯವನು ಮೊಬೈಲ್ ಅಂಗಡಿಯ ತರುಣ. “ಮನೆಯಲ್ಲಿ ಎಲ್‌ಇಡಿ, ಬೀದಿಯಲ್ಲಿ ಎಲ್‌ಇಡಿ, ಕಂಬಳದ ಗದ್ದೆಯಲ್ಲಿಯೂ ಎಲ್‌ಇಡಿ. ಇನ್ನು ಈ ಷೇರು ಬೀಳುವುದಾದರೂ ಎಲ್ಲಿಗೆ ಮಾರಾಯ್ರೆ?” ಎಂದು ತರುಣ ಕೇಳಿದ. ಉಳಿದಿಬ್ಬರೂ ತಲೆದೂಗಿದರು. ನಾನು ತಡೆಯಲಾರದೆ ನಡುವೆ ಬಾಯಿ ಹಾಕಿದೆ: “ಆ ಕಂಪನಿ ಮಾಡುವುದೇನು? ಬಲ್ಬನ್ನೋ, ಬಲ್ಬಿನೊಳಗಿನ ಚಿಪ್ಪನ್ನೋ? ಮಾಡಿದ್ದನ್ನು ಯಾರಿಗೆ ಮಾರುತ್ತದೆ?” ಮೂವರೂ ನನ್ನನ್ನು ನೋಡಿದರು. ಉತ್ತರ ಬರಲಿಲ್ಲ. ಬೆಲೆ ಮಾತ್ರ ಮೂವರಿಗೂ ಪೈಸೆಯವರೆಗೆ ಗೊತ್ತಿತ್ತು.

ಈ ಸಂಗತಿಯನ್ನು ನನ್ನ ಸಹೋದ್ಯೋಗಿಯೊಬ್ಬರಿಗೆ ಹೇಳಿದಾಗ ಅವರು, “ಷೇರು ಎಂದರೆ ಜೂಜು. ಧರ್ಮರಾಯನೇ ಕೆಟ್ಟ, ಇವರು ಯಾವ ಲೆಕ್ಕ?” ಎಂದು ಮುಗಿಸಿಬಿಟ್ಟರು. ಸಭ್ಯರ ಈ ತೀರ್ಪನ್ನು ನಾನು ಒಪ್ಪಲಾರೆ. ಜೂಜಿನ ದಾಳಕ್ಕೆ ಲೆಕ್ಕಪತ್ರವಿಲ್ಲ, ಕಂಪನಿಗೆ ಇದೆ. 2020ರ ಮಾರ್ಚಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿಯಿದ್ದ ಡಿಮ್ಯಾಟ್ ಖಾತೆಗಳು 2025ರ ಮಾರ್ಚಿನ ಹೊತ್ತಿಗೆ 19 ಕೋಟಿ ದಾಟಿದ್ದವು. ಇಷ್ಟು ಜನರನ್ನು ಜೂಜುಕೋರರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಉತ್ತರವಲ್ಲ. ನಮ್ಮ ಊರುಗಳಲ್ಲಿ ಷೇರಿನ ಮಾತು ಹೆಚ್ಚಾಯಿತೆಂಬುದು ನನ್ನ ದೂರಲ್ಲ. ಆ ಮಾತು ಬೆಲೆಯಲ್ಲಿ ಆರಂಭವಾಗಿ ಬೆಲೆಯಲ್ಲಿಯೇ ಮುಗಿಯುತ್ತದೆ, ವಸ್ತುವನ್ನು ಮುಟ್ಟುವುದೇ ಇಲ್ಲ ಎಂಬುದು ನನ್ನ ದೂರು.

ವಸ್ತುವನ್ನು ಮುಟ್ಟಿದ್ದರೆ ಏನು ಕಾಣುತ್ತಿತ್ತು? ಕೇಂದ್ರ ಸರಕಾರದ ಉಜಾಲಾ ಯೋಜನೆ 2015ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂಬ ಚೆಂದದ ಹೆಸರಿತ್ತು. ಸುಮಾರು ನೂರು ರೂಪಾಯಿ ಹಿಡಿದುಕೊಂಡು ಮೆಸ್ಕಾಂ ಕಚೇರಿಯ ಮುಂದೆ ಸಾಲುಗಟ್ಟಿ ನಿಂತವರಲ್ಲಿ ನಾನೂ ಒಬ್ಬ. ದೇಶದಾದ್ಯಂತ 36 ಕೋಟಿಗೂ ಮಿಕ್ಕಿ ಬಲ್ಬುಗಳು ಹೀಗೆ ಹಂಚಿಕೆಯಾದವು. ಸರಕಾರದ ಸಂಸ್ಥೆ ತಯಾರಕರಿಂದ ಸಗಟಾಗಿ ಕೊಳ್ಳುತ್ತಿದ್ದ ಬೆಲೆ 2014ರಲ್ಲಿ ಬಲ್ಬೊಂದಕ್ಕೆ 310 ರೂಪಾಯಿ. 2016ರಲ್ಲಿ ಅದು 38 ರೂಪಾಯಿಗೆ ಇಳಿಯಿತು. ಬಡವನ ಮನೆಗೆ ಬೆಳಕು ಅಗ್ಗವಾಗಿ ಬಂತು. ಇದು ಲೋಕಕ್ಕೆ ಆದ ದೊಡ್ಡ ಲಾಭ. ಆದರೆ ಕೊಳ್ಳುವವನ ಸಂತೋಷದ ಇಳಿಕೆಯೇ ಮಾರುವವನ ಸಂಕಟದ ಇಳಿಕೆ. ತಂತಿಯ ಹಳೆಯ ಬಲ್ಬು 1,000 ಗಂಟೆ ಉರಿದು ಸಾಯುತ್ತಿತ್ತು, ಗಿರಾಕಿ ಮತ್ತೆ ಅಂಗಡಿಗೆ ಬರುತ್ತಿದ್ದ. ಎಲ್‌ಇಡಿಗೆ 15,000ದಿಂದ 25,000 ಗಂಟೆಗಳ ಆಯುಸ್ಸೆಂದು ತಯಾರಕರೇ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುತ್ತಾರೆ. ವರ್ಷವರ್ಷವೂ ಅಗ್ಗವಾಗುವ, ಬೇಗ ಕೆಡದ, ಎದುರಿನ ಅಂಗಡಿಯವನೂ ಅಷ್ಟೇ ಚೆನ್ನಾಗಿ ಜೋಡಿಸಬಲ್ಲ ವಸ್ತುವಿನಿಂದ ಲಾಭ ತೆಗೆಯುವುದು ಕಡುಕಷ್ಟದ ವಿದ್ಯೆ. “ಎಲ್ಲರ ಮನೆಯಲ್ಲಿ ಇದೆ” ಎಂಬುದು ದೀಪದ ಹಿರಿಮೆಗೆ ಸಾಕ್ಷಿ. ಷೇರಿನ ಹಿರಿಮೆಗೆ ಅಲ್ಲ.

ದೂರದ ಉದಾಹರಣೆಯನ್ನೂ ನೋಡಬಹುದು. ಅಮೆರಿಕದ ಕ್ರೀ ಕಂಪನಿ ನೀಲಿ ಎಲ್‌ಇಡಿಯನ್ನು ಮೊದಮೊದಲು ಮಾರುಕಟ್ಟೆಗೆ ತಂದವರಲ್ಲಿ ಒಂದು. ಅದು 2019ರಲ್ಲಿ ತನ್ನ ದೀಪದ ವ್ಯಾಪಾರವನ್ನೂ, 2021ರಲ್ಲಿ ಎಲ್‌ಇಡಿ ಚಿಪ್ಪಿನ ವ್ಯಾಪಾರವನ್ನೂ ಮಾರಿ, ವುಲ್ಫ್‌ಸ್ಪೀಡ್ ಎಂದು ಹೆಸರು ಬದಲಿಸಿಕೊಂಡು ಬೇರೆ ಬಗೆಯ ಅರೆವಾಹಕಗಳತ್ತ ಹೊರಳಿತು. ಆ ಹೊಸ ಸಾಹಸದ ಸಾಲ ತೀರಿಸಲಾಗದೆ 2025ರ ಜೂನಿನಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹಳೆಯ ಷೇರುದಾರರೆಲ್ಲರಿಗೂ ಸೇರಿ ಹೊಸ ಬಂಡವಾಳದಲ್ಲಿ ಉಳಿಸಿಕೊಟ್ಟದ್ದು ನೂರಕ್ಕೆ 3ರಿಂದ 5 ಪಾಲು. ಜಗತ್ತಿಗೆ ಬೆಳಕು ಹಂಚಿದ ಕಂಪನಿಗೇ ಆ ಬೆಳಕಿನ ವ್ಯಾಪಾರ ಸಾಕೆನಿಸಿತು ಎಂಬುದನ್ನು ಬಸ್ಸಿನ ಮಿತ್ರರು ಗಮನಿಸಬೇಕು.

ನಮ್ಮ ದೇಶದ್ದೇ ಬೇಕೆ? 2023ರ ಜೂನಿನಲ್ಲಿ ನೊಯಿಡಾದ ಐಕಿಯೊ ಲೈಟಿಂಗ್ ಕಂಪನಿ 285 ರೂಪಾಯಿಯಂತೆ ಷೇರು ನೀಡಿತು. ಇದ್ದ ಷೇರುಗಳ ಸುಮಾರು 66 ಪಟ್ಟು ಬೇಡಿಕೆ ಬಂತು. ಪೇಟೆಗೆ ಬಂದ ದಿನವೇ ಬೆಲೆ 390ರ ಆಸುಪಾಸಿಗೆ ಏರಿತು. ಎರಡು ವರ್ಷ ತುಂಬುವ ಮೊದಲೇ 285ಕ್ಕಿಂತ ಕೆಳಗಿತ್ತು. ಇದರಲ್ಲಿ ಕಂಪನಿಯ ಮೋಸವೇನೂ ಇಲ್ಲ. ತನ್ನ ಆದಾಯದ ಬಹುಪಾಲು ಸಿಗ್ನಿಫೈ ಎಂಬ ಒಬ್ಬನೇ ಗಿರಾಕಿಯಿಂದ—ಫಿಲಿಪ್ಸ್ ಹೆಸರಿನ ದೀಪ ಮಾರುವವರಿಂದ—ಬರುತ್ತದೆಂದು ಅದು ತನ್ನ ವಿವರಣಪತ್ರದಲ್ಲಿ ಬಿಚ್ಚಿ ಬರೆದಿತ್ತು. ಒಬ್ಬನೇ ವ್ಯಾಪಾರಿಗೆ ಅಡಿಕೆ ಹಾಕುವವನ ಪಾಡೇನೆಂದು ಬೆಳ್ತಂಗಡಿಯ ಯಾವ ಕೃಷಿಕನಿಗೆ ತಿಳಿಯದು? ಅಡಿಕೆಯಲ್ಲಿ ತಿಳಿದದ್ದು ದೀಪದಲ್ಲಿ ಏಕೆ ಹೊಳೆಯಲಿಲ್ಲ?

ಇಷ್ಟೆಲ್ಲ ಬರೆಯುವ ಅಧಿಕಾರ ನನಗೆಲ್ಲಿಂದ ಬಂತೆಂದು ಓದುಗರು ಕೇಳಬಹುದು. ಕಳೆದುಕೊಂಡವನ ಅಧಿಕಾರವೇ ಹೊರತು ಬೇರೆಯಲ್ಲ. 2021ರಲ್ಲಿ ಬೆಳ್ತಂಗಡಿಯ ಕಡೆಯಲ್ಲಿರುವ ನನ್ನ ಅಕ್ಕ ಅಡಿಕೆ ಮಾರಿದ ಹಣದಲ್ಲಿ 60,000 ರೂಪಾಯಿಯನ್ನು, “ಮಗಳ ಓದಿಗೆ, ನೀನು ಓದಿದವ, ಎಲ್ಲಾದರೂ ಬೆಳೆಯುವ ಹಾಗೆ ಇಡು” ಎಂದು ನನ್ನ ಕೈಗಿತ್ತಳು. ನಾನು ಅದನ್ನು ಒಂದು ಎಲ್‌ಇಡಿ ಕಂಪನಿಯ ಷೇರಿಗೆ ಸುರಿದೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದ ಕಥೆಯನ್ನು ಅವಳ ಜಗಲಿಯಲ್ಲಿ ಕುಳಿತು ಸ್ವಾರಸ್ಯವಾಗಿ ವಿವರಿಸಿದೆ. ನೊಬೆಲ್ ಬಂದದ್ದು ವಿಜ್ಞಾನಿಗಳಿಗೆ, ನನ್ನ ಕಂಪನಿಗೆ ಅಲ್ಲ ಎಂಬ ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ. ಎರಡು ವರ್ಷದಲ್ಲಿ 60,000 ಹೋಗಿ 20,000 ಉಳಿಯಿತು. ಕಂಪನಿಯ ಹೆಸರು ಬೇಡ. ಅದರ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಅಕ್ಕ ಬೈಯಲಿಲ್ಲ. ನಮ್ಮ ಮನೆಮಾತು ತುಳುವಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಆ ಕಂಪನಿಯವರು ಮಾಡುವ ಕೆಲಸವಾದರೂ ಏನು?” ಬಸ್ಸಿನಲ್ಲಿ ನಾನು ಕೇಳಿದ ಪ್ರಶ್ನೆ ಅವಳದು. ಅಂದು ನನ್ನಲ್ಲಿಯೂ ಉತ್ತರವಿರಲಿಲ್ಲ.

ಪ್ರಶ್ನೆ ಕೇಳಲು ಬಾರದ ನಾಡೆ ಇದು? ಪಾಲುಪಟ್ಟಿಗೆ ಸಹಿ ಹಾಕುವ ಮುನ್ನ ಮೂರು ಸಲ ಓದಿಸಿ, ಗಡಿಯ ಮಾವಿನಮರ ಯಾರದೆಂದು ಬರೆಯಿಸಿಕೊಳ್ಳುವ ಜನ ನಾವು. ತಾಳಮದ್ದಳೆಯಲ್ಲಿ ಕೃಷ್ಣನ ಒಂದು ಮಾತಿಗೆ ಕೌರವ ಏನೆಂದಾನೆಂದು ಬೆಳಗಿನವರೆಗೆ ಕಾದು ಕೂರುವ ಜನ. ಅಮ್ಮೆಂಬಳದ ಹೆಸರು ಹೊತ್ತ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ನಿಧಿ ಕಟ್ಟಿದಾಗ, ಅದು ಮುಂದೆ ಕೆನರಾ ಬ್ಯಾಂಕ್ ಆದಾಗ, ಪಾಲು ಹಾಕಿದವನಿಗೆ ಹಣ ಯಾರ ಕೈಯಲ್ಲಿದೆಯೆಂದು ಗೊತ್ತಿತ್ತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆರಡಾಣೆ ಕೊಡುವ ಹೆಂಗಸಿಗೂ ಬಾಗಿಲಿಗೆ ಬಂದವನನ್ನು ಪ್ರಶ್ನಿಸುವ ಅವಕಾಶವಿತ್ತು, ಏಕೆಂದರೆ ಅವನು ಅವಳ ಭಾಷೆಯಲ್ಲಿ ಮಾತಾಡುತ್ತಿದ್ದ.

ರೋಗದ ಬೇರು ಇಲ್ಲಿದೆ. ಬಸ್ಸು ಬಂಟ್ವಾಳ ಮುಟ್ಟುವಾಗ ಆ ತರುಣ, “ಹಾಗಾದರೆ ತೆಗೆದುಕೊಳ್ಳುವುದೋ ಬೇಡವೋ ಸಾರ್?” ಎಂದ. “ಕಂಪನಿಯ ವಾರ್ಷಿಕ ವರದಿಯ ಹತ್ತು ಪುಟ ಓದಿ, ನೀವೇ ಹೇಳಿ” ಎಂದೆ. “ಅದು ಇಂಗ್ಲಿಷಿನಲ್ಲಿದೆಯಲ್ಲ!” ಎಂದು ಅವನು ಇಳಿದುಹೋದ. ವರದಿ ಇಂಗ್ಲಿಷಿನಲ್ಲಿ, ಗಾಳಿಮಾತು ಕನ್ನಡದಲ್ಲಿ: ಯಾವುದು ಗೆಲ್ಲುತ್ತದೆಂದು ಬೇರೆ ಹೇಳಬೇಕೆ? 2024ರಲ್ಲಿ ಸೆಬಿ, ಹೊಸ ಷೇರು ನೀಡಿಕೆಯ ಮುಖ್ಯ ವಿವರಗಳನ್ನು ದೃಶ್ಯ-ಶ್ರಾವ್ಯ ರೂಪದಲ್ಲಿಯೂ ಒದಗಿಸಬೇಕೆಂದು ವಿಧಿಸಿತು. ಭಾಷೆಗಳು ಇಂಗ್ಲಿಷ್ ಮತ್ತು ಹಿಂದಿ. ಹಣ ಕೊಡಲು ಯೋಗ್ಯನಾದ ಕನ್ನಡಿಗ ವಿವರ ತಿಳಿಯಲು ಅಯೋಗ್ಯನೆ? ಎಲ್ಲೆಡೆಯಿಂದ ಹಣ ಎತ್ತುವ ಕಂಪನಿ ಹತ್ತು ಪುಟದ ಸಾರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದರೆ ಮುಳುಗಿಹೋಗದು.

ಆದರೆ ಸೆಬಿಯನ್ನು ಮಾತ್ರ ದೂರಿ ಕುಳಿತರೆ ನಾನೂ ಆ ಸಹೋದ್ಯೋಗಿಯಂತೆ ಕೈತೊಳೆದುಕೊಂಡಂತೆ. ಕನ್ನಡ ಅಧ್ಯಾಪಕರಾದ ನಾವು ಹಳಗನ್ನಡದ ಸಮಾಸ ಬಿಡಿಸಲು ಕಲಿಸಿದೆವು. ಜಮಾಖರ್ಚಿನ ಪಟ್ಟಿ ಬಿಡಿಸಲು ಕಲಿಸಲಿಲ್ಲ. ಲೆಕ್ಕದ ಕನ್ನಡ ನಮ್ಮ ಘನತೆಗೆ ಕಡಿಮೆಯೆಂದು ಬಗೆದೆವು. ‘ಷೇರು’ ಎಂದಾಗ ಲಾಟರಿಯ ಚೀಟಿ ನೆನಪಾಗುತ್ತದೆ. ‘ಪಾಲು’ ಎಂದಾಗ ಹೊಣೆಯೂ ಹಕ್ಕೂ ನೆನಪಾಗುತ್ತವೆ. ಆ ವ್ಯತ್ಯಾಸವನ್ನು ಹೇಳಿಕೊಡಬೇಕಾದವರು ನಾವಲ್ಲದೆ ಯಾರು?

ಈ ವರ್ಷ ನನ್ನ ತರಗತಿಯಲ್ಲಿ ಒಂದು ದೀಪದ ಕಂಪನಿಯ ವಾರ್ಷಿಕ ವರದಿಯ ಹತ್ತು ಪುಟಗಳನ್ನು ಕನ್ನಡಕ್ಕೆ ತರುವುದನ್ನೇ ಅನುವಾದದ ಅಭ್ಯಾಸವಾಗಿ ಕೊಟ್ಟಿದ್ದೇನೆ. ಏನು ಮಾಡುತ್ತದೆ, ಯಾರಿಗೆ ಮಾರುತ್ತದೆ, ಸಾಲವೆಷ್ಟು, ಉಳಿದದ್ದೆಷ್ಟು ಎಂಬಿಷ್ಟು ಬಂದರೆ ಸಾಕು. ಮೊದಲ ಪ್ರತಿ ಬೆಳ್ತಂಗಡಿಗೆ, ಅಕ್ಕನ ಮನೆಗೆ ಹೋಗುತ್ತದೆ.