ತಲೆ ಸವೆದ ತಿರುಪು

ಶನಿವಾರದ ಸಂಜೆ. ಉಪ್ಪಳದ ಹೆದ್ದಾರಿ ಬದಿಯ ವರ್ಕ್‌ಶಾಪೊಂದರಲ್ಲಿ, ಶಾಲಾಮಕ್ಕಳನ್ನು ಕರೆದೊಯ್ಯುವ ವಾಹನವೊಂದರ ಮುಂಚಕ್ರಗಳನ್ನು ಕಳಚಲಾಗಿತ್ತು. ಬ್ರೇಕಿನ ಡಿಸ್ಕುಗಳು ತಮ್ಮ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕಿಂತಲೂ ತೆಳುವಾಗಿದ್ದವು. ಹೊಸ ಜೋಡಿ ಸಿದ್ಧವಿತ್ತು. ಆದರೆ ಎಡಬದಿಯ ಹಳೆಯ ಡಿಸ್ಕ್ ಹಬ್ಬನ್ನು ಬಿಟ್ಟು ಬರಲೊಲ್ಲದು. ಅದನ್ನು ಹಿಡಿದಿದ್ದ ಪುಟ್ಟ ಸ್ಕ್ರೂವಿನ ತಲೆಯ ಕಚ್ಚು ಸವೆದು ನುಣುಪಾಗಿತ್ತು. ಕೆಲಸ ಕಲಿಯಲು ಬಂದಿದ್ದ ಹುಡುಗ ಅಳತೆಗೆ ಹೊಂದದ ಸ್ಕ್ರೂಡ್ರೈವರಿನಿಂದ ಆತುರಾತುರವಾಗಿ ತಿರುಗಿಸಿದ್ದೇ ಅದಕ್ಕೆ ಕಾರಣ.

“ಸೋಮವಾರ ಮಕ್ಕಳನ್ನು ಕರ್ಕೊಂಡು ಹೋಗ್ಬೇಕಲ್ಲ ಅಣ್ಣಾ, ಒಂದು ವಾರ ಹಳೆಯದರಲ್ಲೇ ಓಡಲಿ” ಎಂದನು ಚಾಲಕ.

“ಮಕ್ಕಳು ಕೂತುಕೊಳ್ಳುವ ಗಾಡಿ ಮಾರಾಯ” ಎಂದಷ್ಟೇ ಹೇಳಿ, ಹಿರಿಯ ಮೆಕ್ಯಾನಿಕ್ ಡ್ರಿಲ್ಲನ್ನು ಕೈಗೆತ್ತಿಕೊಂಡರು.

ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಸಿಕ್ಕಿದ ಕಬ್ಬಿಣ ತುಕ್ಕು ಹಿಡಿಯುವುದು ಸಹಜ. ಹಬ್ಬಿಗೂ ಡಿಸ್ಕಿಗೂ ನಡುವೆ ಬೆಳೆದ ತುಕ್ಕು ಎರಡನ್ನೂ ಬೆಸೆದಂತೆ ಹಿಡಿಯುತ್ತದೆ. ಆ ಸ್ಕ್ರೂವಿನ ಹೊಣೆಯಾದರೋ ಅಲ್ಪ: ಚಕ್ರ ಕಳಚಿದಾಗ ಡಿಸ್ಕ್ ಸರಿಯದಂತೆ ಹಿಡಿದಿರುವುದು. ಓಡುವಾಗ ಡಿಸ್ಕನ್ನು ಬಿಗಿಹಿಡಿಯುವುದು ಚಕ್ರದ ನಟ್ಟುಗಳೇ. ಆದುದರಿಂದ ಸ್ಕ್ರೂವಿನ ತಲೆಯನ್ನು ಕೊರೆದು ತೆಗೆಯಲು ಅಂಜಬೇಕಾಗಿಲ್ಲ.

ಮೆಕ್ಯಾನಿಕ್ ಮೊದಲು ಕ್ಯಾಲಿಪರನ್ನು ಬಿಚ್ಚಿ, ಅದರ ಭಾರ ಬ್ರೇಕಿನ ಹೋಸಿನ ಮೇಲೆ ಬೀಳದಂತೆ ತಂತಿಯಿಂದ ತೂಗುಹಾಕಿದರು. ಸ್ಕ್ರೂವಿನ ನಡುವೆ ಗುರುತು ಕುಟ್ಟಿ, ನಿಧಾನವಾಗಿ ಕೊರೆದಾಗ ತಲೆ ಬೇರ್ಪಟ್ಟಿತು. ಡಿಸ್ಕ್ ಆಗಲೂ ಕದಲಲಿಲ್ಲ. ಡಿಸ್ಕಿನಲ್ಲೇ ಇದ್ದ ಎರಡು ಮರೆಯುಳ್ಳ ರಂಧ್ರಗಳಿಗೆ ಬೋಲ್ಟು ಹಾಕಿ, ಒಮ್ಮೆ ಇದನ್ನು ಒಮ್ಮೆ ಅದನ್ನು ಸಮವಾಗಿ ಬಿಗಿಸುತ್ತ ಹೋದರು. ಠಣ್ಣೆಂಬ ಸದ್ದಿನೊಡನೆ ಡಿಸ್ಕ್ ಹೊರಬಂದಿತು. ಉಳಿದ ತುಂಡನ್ನು ಇಕ್ಕಳದಿಂದ ತಿರುಗಿಸಿ ತೆಗೆದು, ಹಬ್ಬಿನ ತುಕ್ಕನ್ನು ಹೊಳಪು ಬರುವಷ್ಟು ಉಜ್ಜಿದರು. ತುಕ್ಕಿನ ಚೂರು ಉಳಿದರೆ ಹೊಸ ಡಿಸ್ಕ್ ಓರೆಯಾಗಿ ಕುಳಿತು ಬ್ರೇಕ್ ಅದುರುತ್ತದೆ.

1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು ಇಲ್ಲಿ ಸ್ಮರಣೀಯ. ಅಪಾಯ ತರಬಲ್ಲ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಿದವನು ಮಾತ್ರವಲ್ಲ, ಓಡಿಸಗೊಟ್ಟವನೂ ಹೊಣೆಗಾರ. ದೋಷ ತಿಳಿದಿರಲಿಲ್ಲವೆಂದು ಹೇಳಿದರೆ ಸಾಲದು. ಸಾಮಾನ್ಯ ಎಚ್ಚರದಿಂದ ಅದನ್ನು ಕಂಡುಕೊಳ್ಳಬಹುದಾಗಿತ್ತೇ ಎಂಬುದನ್ನೂ ಕಾಯಿದೆ ಕೇಳುತ್ತದೆ. ಡಿಸ್ಕ್ ಸವೆದಿರುವುದನ್ನು ಕಣ್ಣಾರೆ ಕಂಡ ಮೇಲೆ ‘ಒಂದು ವಾರ’ ಎಂಬ ಮಾತಿಗೆ ಅಲ್ಲಿ ರಕ್ಷಣೆಯಿಲ್ಲ. ಮಕ್ಕಳನ್ನು ವಾಹನ ಹತ್ತಿಸುವ ತಂದೆತಾಯಿಯರು ಬಾಡಿಗೆಯ ಜೊತೆಗೆ ಬ್ರೇಕಿನ ವಿಚಾರವನ್ನೂ ಕೇಳಿದರೆ ತಪ್ಪಲ್ಲ.

ಬಲಚಕ್ರದ ಸರದಿ ಬಂದಾಗ ಹುಡುಗ ಆತುರಪಡಲಿಲ್ಲ. ಎಣ್ಣೆ ಬಿಟ್ಟು ಕಾದ. ಕಚ್ಚಿಗೆ ಸರಿಹೊಂದುವ ಇಂಪ್ಯಾಕ್ಟ್ ಡ್ರೈವರನ್ನಿಟ್ಟು ಸುತ್ತಿಗೆಯಿಂದ ಹೊಡೆದ. ಮೂರನೆಯ ಪೆಟ್ಟಿಗೆ ಸ್ಕ್ರೂ ತಲೆಸಹಿತ ಸಡಿಲಿತು. ಚಕ್ರಗಳನ್ನು ಜೋಡಿಸಿದ ಬಳಿಕ ಮೆಕ್ಯಾನಿಕ್ ಪೆಡಲನ್ನು ಗಟ್ಟಿಯಾಗುವವರೆಗೂ ಹಲವು ಬಾರಿ ಒತ್ತಿದರು. ಅನಂತರವೇ ಬೀಗದಕೈ ಚಾಲಕನ ಕೈ ಸೇರಿತು.